ಸೌದೆಗೆ ಎರಡು ಸ್ಟಾರ್, ಸೌದೆಯೊಳಗಿನ ಸಂಸಾರಕ್ಕೆ ಐದು

ಮಳೆಗಾಲಕ್ಕೆ ಮೊದಲು ಸೌದೆ ಪೇರಿಸಿಡದಿದ್ದರೆ ಮಡಿಕೇರಿಯಲ್ಲಿ ಏನು ಪಾಡು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೇ ಕೊನೆಯಲ್ಲಿ ಒಂದು ಪಿಕಪ್ ತರಿಸಿದೆ. ಡಿಪೋ ಹೆಸರು ಹಾಕುವುದಿಲ್ಲ, ಸುಮ್ನೆ ಜಗಳ ಯಾಕೆ. ಇಳಿಸುವ ಕೂಲಿ ಸೇರಿ 5,500 ರೂಪಾಯಿ. ಫೋನ್ ಮಾಡಿದ ಮಾರನೇ ದಿನವೇ ಬಂತು, ಅದನ್ನು ಮೆಚ್ಚಬೇಕು. ಮೇಲಿನ ಸಾಲೆಲ್ಲ ಚೆನ್ನಾಗಿ ಒಣಗಿದ ಸಿಲ್ವರ್ ಓಕ್. ಅಡಿಯದು ಕೇಳಿದರೆ ಡ್ರೈವರ್, "ಅಕ್ಕ, ಕೆಳಗಿನದ್ದು ಸ್ವಲ್ಪ ಮೆದು ಇದೆ, ಬಿಸಿಲಿಗೆ ಹಾಕಿ" ಅಂದು ಗಾಡಿ ತಿರುಗಿಸಿಕೊಂಡು ಹೋದ. ಮಡಿಕೇರಿಯಲ್ಲಿ ಬಿಸಿಲಂತೆ!

ಮೂರರಲ್ಲಿ ಒಂದು ಪಾಲು ಹಾಲುವಾಣ ಮತ್ತು ಕೊಳೆತ ದಿಮ್ಮಿ. ಹಾಲುವಾಣ ಒಲೆಗೆ ಹಾಕಿದರೆ ಹೊಗೆ ಜಾಸ್ತಿ, ಕೆಂಡ ನಿಲ್ಲುವುದಿಲ್ಲ. ಕೊಳೆತದ್ದರಲ್ಲಿ ಒಂದು ಎಷ್ಟು ಲಡ್ಡಾಗಿತ್ತು ಅಂದರೆ ಯಾವ ಮರ ಅಂತ ಗುರುತೇ ಸಿಗಲಿಲ್ಲ, ಕೊಡಲಿ ಏಟಿಗೆ ಸೀಳುವ ಬದಲು ನೆನೆದ ರಸ್ಕಿನ ಹಾಗೆ ಕುಸಿಯಿತು. ಒಳಗೆ ಬೆರಳು ತೂರುವಷ್ಟು ಅಗಲದ ಸುರಂಗ, ಅದರ ತುಂಬ ಮರದ ಪುಡಿ, ಪುಡಿಯ ನಡುವೆ ಪಾಲಿಶ್ ಹಾಕಿದ ಬೂಟಿನಂತೆ ಮಿರಮಿರ ಮಿಂಚುವ ಎರಡು ಕಪ್ಪು ದುಂಬಿ. ಬೆನ್ನ ಮೇಲೆ ಗೀರು ಗೀರು. ಜೊತೆಗೆ ಏಳೆಂಟು ಬಿಳಿ ಹುಳು. ಒಂದು ದುಂಬಿಯನ್ನು ಎತ್ತಿದೆ. ಕೀಚ್ ಕೀಚ್ ಅಂತ ಬೈಯಿತು!

ಪಕ್ಕದ ಮನೆ ಮಾವ ಬೇಲಿ ಆಚೆಯಿಂದಲೇ, "ಕಾಂಡಕೊರಕ ಕಣಮ್ಮ, ಸುಟ್ಟು ಹಾಕು, ತೋಟಕ್ಕೆ ಹತ್ತುತ್ತೆ" ಅಂದರು. ಕಾಫಿ ಬೆಳೆದವರಿಗೆ ಆ ಹೆಸರು ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಬಿಳಿ ಕಾಂಡಕೊರಕ ಸಣ್ಣಗೆ, ಉದ್ದಕ್ಕೆ ಇರುತ್ತದೆ, ಮೈಮೇಲೆ ಬಿಳಿ ಪಟ್ಟೆ. ಜೀವ ಇರುವ ಅರೇಬಿಕಾ ಗಿಡದ ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಇದು ಹಾಗಿರಲಿಲ್ಲ.

ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಿನಲ್ಲಿ ಓದುವ ತಮ್ಮನ ಮಗಳಿಗೆ ಫೋಟೋ ಕಳಿಸಿದೆ. "ಅತ್ತೆ, ಮರಿಯ ಕಾಲು ಎಣಿಸಿ" ಅಂದಳು. ಕನ್ನಡಕ ಹಾಕಿ, ಟಾರ್ಚ್ ಹಿಡಿದು ಎಣಿಸಿದೆ. ನಾಲ್ಕೇ! ಕಾಲಿರುವ ದುಂಬಿ ಮರಿಗಳಿಗೆ ಸಾಮಾನ್ಯವಾಗಿ ಆರಿರುತ್ತವೆ. ಹಿಂದಿನ ಜೋಡಿ ಮೋಟಾಗಿ ಚಿಕ್ಕ ಪಂಜದಂತಾಗಿದೆಯಂತೆ, ಅದನ್ನು ಮಧ್ಯದ ಕಾಲಿನ ಬುಡಕ್ಕೆ ಉಜ್ಜಿ ಸದ್ದು ಮಾಡುತ್ತದೆ. ದೊಡ್ಡವು ಹೊಟ್ಟೆಯ ಮೇಲ್ಬದಿಯನ್ನು ರೆಕ್ಕೆಗೆ ಉಜ್ಜಿ ಕೀಚುತ್ತವೆ. ಪಸ್ಸಾಲಿಡೇ ಅನ್ನುವ ಕುಟುಂಬದ ದುಂಬಿ.

ಹೆಚ್ಚಿನ ದುಂಬಿಗಳು ಮೊಟ್ಟೆ ಇಟ್ಟು ಹೊರಟುಬಿಡುತ್ತವೆ. ಇವು ಗಂಡು ಹೆಣ್ಣು ಎರಡೂ ಮಕ್ಕಳ ಜೊತೆಯೇ ಇರುತ್ತವೆ. ಮರವನ್ನು ಅಗಿದು ಪುಡಿ ಮಾಡಿ ಮರಿಗಳ ಮುಂದೆ ಹಾಕುತ್ತವೆ. ತಮ್ಮ ಹಿಕ್ಕೆಯನ್ನೂ ತಿನ್ನಿಸುತ್ತವೆ, ಅದೂ ಸ್ವಲ್ಪ ದಿನ ಬಿಟ್ಟು, ಬೂಸ್ಟು ಬ್ಯಾಕ್ಟೀರಿಯಾ ಕೆಲಸ ಮಾಡಿದ ಮೇಲೆ. ನಾವು ದೋಸೆ ಹಿಟ್ಟು ಹುಳಿ ಬರಿಸುವ ಹಾಗೆ ಅಂದುಕೊಳ್ಳಿ, ಬೆಳಗಿನ ತಿಂಡಿ ಹೊತ್ತಲ್ಲಿ ಓದುತ್ತಿದ್ದರೆ ಕ್ಷಮಿಸಿ. ಮರಿ ಕೋಶ ಕಟ್ಟುವಾಗಲೂ ದೊಡ್ಡವು ಕೈ ಹಾಕುತ್ತವೆ. ಕೋಶದಿಂದ ಹೊಸದಾಗಿ ಬಂದದ್ದು ಕೆಂಪು ಕಂದು ಬಣ್ಣದಲ್ಲಿರುತ್ತದೆ, ಕಪ್ಪಾಗಲು ವಾರಗಳೇ ಬೇಕು. ಒಣ ಮರದ ತಂಟೆಗೆ ಹೋಗುವುದಿಲ್ಲ, ಹಾಗಾಗಿ ಅಟ್ಟದ ಪಕಾಸಿಗೆ, ಬಾಗಿಲಿಗೆ ಭಯ ಇಲ್ಲ. ಮಾವನಿಗೆ ಇದನ್ನೆಲ್ಲ ಹೇಳಿದೆ. "ಹ್ಞೂಂ" ಅಂದರು, ಅಷ್ಟೇ.

ದಿಮ್ಮಿಯ ಎರಡು ಹೋಳು ಜೋಡಿಸಿ, ಹಗ್ಗ ಸುತ್ತಿ, ಕಿತ್ತಳೆ ಮರದ ನೆರಳಲ್ಲಿ ಮಣ್ಣಿಗೆ ತಾಗಿಸಿ ಇಟ್ಟೆ.

ಇನ್ನು ಸರ್ವಿಸ್. ಎರಡು ಸಲ ಫೋನ್ ಮಾಡಿ ಬೈದ ಮೇಲೆ ಹಾಲುವಾಣ ವಾಪಸ್ ಒಯ್ದು ಸಿಲ್ವರ್ ಓಕ್ ಕೊಟ್ಟರು. ಹತ್ತು ದಿನ ತಡ, ಅಷ್ಟರಲ್ಲಿ ಮಳೆ ಹಿಡಿದಿತ್ತು. ನೀವು ತರಿಸುವುದಾದರೆ ಗಾಡಿ ಖಾಲಿ ಮಾಡುವ ಮೊದಲು ಅಡಿಯ ಸಾಲನ್ನು ತಟ್ಟಿ ನೋಡಿ, ಟಣ್ ಅನ್ನಬೇಕು, ದಬ್ ಅಂದರೆ ಬೇಡ. "ಅಕ್ಕ, ಆ ಕೊಳೆತದ್ದೂ ತಗೊಂಡು ಹೋಗ್ಲಾ?" ಅಂತ ಡ್ರೈವರ್ ಕಿತ್ತಳೆ ಮರದ ಕಡೆ ಕೈ ತೋರಿಸಿದ. ಅದು ಇರಲಿ ಅಂದೆ. ಅದಕ್ಕೂ ಸೌದೆ ರೇಟನ್ನೇ ಹಾಕಿದ್ದಾರೆ.