ಮೂರು ವರ್ಷದ ನನ್ನ ಗ್ರಾಫಿಕ್ಸ್ ಕಾರ್ಡ್, ತಂಗಿಯ ಸಾದಾ ಲ್ಯಾಪ್‌ಟಾಪ್

ಆರ್‌ಟಿಎಕ್ಸ್ 3050 ಎಂಬ ಗ್ರಾಫಿಕ್ಸ್ ಕಾರ್ಡ್ (ವಿಡಿಯೊ, ಗೇಮ್ ಕೆಲಸಕ್ಕೆಂದೇ ಇರುವ ಬೇರೆ ಚಿಪ್) ಇರುವ ಲ್ಯಾಪ್‌ಟಾಪ್ ತೆಗೆದುಕೊಂಡು ಮೂರು ವರ್ಷ ಆಯ್ತು. ಸ್ಪೆಕ್ ಎಲ್ಲ ನೀವು ನೋಡಿಯೇ ಇರ್ತೀರಿ. ನನ್ನ ತಕರಾರು ಫ್ಯಾನಿನದ್ದು.

ಉಡುಪಿ ಸುತ್ತಮುತ್ತ ಯಕ್ಷಗಾನ ಶೂಟ್ ಮಾಡಿ, ರಾತ್ರಿ ಮನೆಯಲ್ಲಿ ಕೂತು ಎಡಿಟ್ ಮಾಡುತ್ತೇನೆ. ಕೂರುವ ಮೊದಲು ಲ್ಯಾಪ್‌ಟಾಪಿನ ಹಿಂಬದಿಗೆ ನಾಲ್ಕು ಕೇರಂ ಕಾಯಿ, ಈ ಕಡೆ ಎರಡು, ಆ ಕಡೆ ಎರಡು. ಅಷ್ಟು ಎತ್ತದಿದ್ದರೆ ಅಡಿಯಿಂದ ಗಾಳಿ ಹೋಗುವುದಿಲ್ಲ. ಎತ್ತಿದರೂ ರೆಂಡರ್, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ, ಶುರುವಾದ ಕೂಡಲೇ ಫ್ಯಾನಿನ ಸದ್ದಿಗೆ ಭಾಗವತರ ಪದವೇ ಕೇಳುವುದಿಲ್ಲ. ಒಮ್ಮೆ ಅಮ್ಮ ಒಳಗಿಂದ, "ಇಷ್ಟು ಹೊತ್ತಿಗೆ ಮಿಕ್ಸಿ ಯಾಕೆ ಮಾರಾಯ?" ಅಂದರು.

ಮಳೆಗಾಲದಲ್ಲಿ ಕರೆಂಟ್ ಹೋದರೆ ಕೆಲಸ ಮುಗಿದ ಹಾಗೆಯೇ. ಬ್ಯಾಟರಿಯಲ್ಲಿ ಕಾರ್ಡಿಗೆ ಪೂರ್ತಿ ಪವರ್ ಸಿಗುವುದಿಲ್ಲ. ಚಾರ್ಜರಿನ ಭಾರವಂತೂ ಮಂಗಳೂರಿನ ಬಸ್ಸಿನಲ್ಲಿ ನಿಂತು ಹೋಗುವಾಗ ಬೆನ್ನಿಗೇ ಗೊತ್ತು.

ಕಳೆದ ವರ್ಷ ಅದೇ ಫ್ಯಾನು ಕೆಟ್ಟು ಹತ್ತು ದಿನ ರಿಪೇರಿಗೆ ಹೋಯಿತು. ತಂಗಿಯ ಲ್ಯಾಪ್‌ಟಾಪ್ ಕೇಳಿ ಪಡೆದೆ. ಇಂಟೆಲ್ ಐ5-1135ಜಿ7 ಪ್ರೊಸೆಸರ್, ಬೇರೆ ಕಾರ್ಡ್ ಇಲ್ಲ, ಗ್ರಾಫಿಕ್ಸ್ ಅದರೊಳಗೇ. ಮೊದಲ ದಿನ ಟೈಮ್‌ಲೈನ್ ಎಳೆದರೆ ತೆವಳುತ್ತಿತ್ತು. ಒಳಗಿನ ಭಾಗಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರ್ ನೋಡಿದರೆ 'ಯುಎಚ್‌ಡಿ ಗ್ರಾಫಿಕ್ಸ್' ಅಂತ ಇತ್ತು. ಡಬ್ಬದ ಮೇಲೆ ಅದಕ್ಕಿಂತ ಚುರುಕಾದ ಐರಿಸ್ ಎಕ್ಸ್‌ಇ ಅಂತ ಬರೆದಿತ್ತಲ್ವಾ? ಬಿಚ್ಚಿ ನೋಡಿದೆ. 8 ಜಿಬಿಯ ಒಂದೇ ರ‍್ಯಾಮ್, ಪಕ್ಕದ ಸ್ಲಾಟ್ ಖಾಲಿ. ಅದಕ್ಕೆ ಇನ್ನೊಂದು 8 ಜಿಬಿ ಕೂರಿಸಿ ಆನ್ ಮಾಡಿದರೆ ಹೆಸರೇ ಬದಲು, ಐರಿಸ್ ಎಕ್ಸ್‌ಇ!

ಇಂಥ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳಬೇಕು. ಎರಡು ರ‍್ಯಾಮ್ ಇದ್ದರೆ ದಾರಿ ಎರಡು ಪಟ್ಟು ಅಗಲ. ಒಂದೇ ಇದ್ದರೆ ಇಂಟೆಲ್ ಆ ಹೆಸರನ್ನೂ ಕೊಡುವುದಿಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಆಮೇಲೆ 1080ಪಿ ವಿಡಿಯೊ ಸಲೀಸು. ರಾತ್ರಿ ತಾಳದ ಸಣ್ಣ ಸದ್ದೂ ಹೆಡ್‌ಫೋನ್ ಇಲ್ಲದೆ ಕೇಳಿಸಿತು. ಮೂರು ವರ್ಷದಲ್ಲಿ ಅದೇ ಮೊದಲು.

ಹಾಗಂತ ಕಾರ್ಡ್ ದಂಡ ಅನ್ನಲಾರೆ. ಕಡಿಮೆ ಬೆಳಕಿನ 4ಕೆ ದೃಶ್ಯದ ಕಾಳು ಕಾಳು ತೆಗೆಯಲು ಹೊರಟರೆ ತಂಗಿಯದ್ದು ಮಲಗಿಬಿಡುತ್ತದೆ. ನನ್ನದು ಮಾಡುತ್ತದೆ, ಆದರೆ ಅದಕ್ಕೂ ಕಾರ್ಡಿನ ಸ್ವಂತ 4 ಜಿಬಿ ಮೆಮೊರಿ ಸಾಲದೆ ನಡುವೆ ನಿಂತದ್ದುಂಟು. ತಿಂಗಳಿಗೆ ಎರಡು ಸಲ ಇಂಥ ಕೆಲಸ ಬಂದರೆ ಜಾಸ್ತಿ. ಈಗ ಬ್ರೌಸರ್, ಪ್ಲೇಯರ್ ಎಲ್ಲವನ್ನೂ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ಪವರ್ ಸೇವಿಂಗ್'ಗೆ ಹಾಕಿ, ಒಳಗಿನ ಗ್ರಾಫಿಕ್ಸ್‌ನಲ್ಲೇ ಓಡಿಸುತ್ತೇನೆ. ಮುಂದಿನ ಸಲ ಕಾರ್ಡ್ ಇಲ್ಲದ್ದೇ ತೆಗೆದುಕೊಂಡು, ಉಳಿದ ದುಡ್ಡನ್ನು ಲೆನ್ಸಿಗೆ ಹಾಕುವ ಯೋಚನೆ ಉಂಟು.

ರ‍್ಯಾಮಿನ ದುಡ್ಡು ತಂಗಿಯ ಹತ್ತಿರ ಕೇಳಿದೆ. ಹತ್ತು ದಿನದ ಬಾಡಿಗೆಗೆ ವಜಾ ಮಾಡಿಕೊಂಡಳು.