ಬಾಟಲಿ ಮೇಲೆ ‘ಎಎ’ ಅಂತಷ್ಟೇ ಇದ್ರೆ ಮುಟ್ಟಬೇಡಿ

ಪ್ರೋಟೀನ್ ಬೇರ್ಪಡಿಸೋ ಜೆಲ್ಲನ್ನ ಡಿಸ್ಟೇನ್ ಮಾಡೋರಿಗೆ, ಅಂದ್ರೆ ಅದರ ಹೆಚ್ಚುವರಿ ಬಣ್ಣ ತೊಳೆಯೋರಿಗೆ, ಎಎ ಅಂದ್ರೆ ಅಸಿಟಿಕ್ ಆಸಿಡ್ (ವಿನೆಗರಿನಲ್ಲಿರೋ ಆಸಿಡ್). ಜೆಲ್ ಎರೆಯೋರಿಗೆ ಅದೇ ಎರಡಕ್ಷರ ಅಕ್ರಿಲಮೈಡ್, ಗಟ್ಟಿಯಾಗಿ ಜೆಲ್ ಆಗೋ ವಸ್ತು. ಇಬ್ಬರದ್ದೂ ಒಂದೇ ಬೆಂಚು! ಪಕ್ಕದ ಲ್ಯಾಬಿನಿಂದ ಕಡ ಬಂದ ಕಂದು ಬಾಟಲಿ, ಟೇಪಿನ ಮೇಲೆ ಮಾರ್ಕರಿನಲ್ಲಿ ‘ಎಎ 30% 12/3’. ಅಷ್ಟೇ. ಯಾವ ವರ್ಷದ 12/3 ಅನ್ನೋದು ದೇವರಿಗೇ ಗೊತ್ತು.

ಒಂದು ಲೀಟರ್ ಡಿಸ್ಟೇನ್ ದ್ರಾವಣಕ್ಕೆ ಮೆಥನಾಲ್ 400 ಮಿಲಿ, ಆಸಿಡ್ 10% ಬರಬೇಕಂದ್ರೆ ಈ 30%ದ್ದು 333 ಮಿಲಿ, ಮಿಕ್ಕಿದ್ದು ನೀರು. ಲೆಕ್ಕ ಸರಿಯಾಗೇ ಇತ್ತು. ಅಳತೆಯ ಸಿಲಿಂಡರಿಗೆ ಸುರಿದ್ರೆ ವಿನೆಗರ್ ವಾಸನೆಯೇ ಇಲ್ಲ. 30% ಅಸಿಟಿಕ್ ಆಸಿಡ್ ಮೂಗಿಗೆ ರಪ್ಪಂತ ಹೊಡೀಬೇಕು. ಏನೂ ಇಲ್ಲ. ಏನಂದ್ರೆ ಏನೂ ಇಲ್ಲ. ಅಷ್ಟರಲ್ಲಿ ಗ್ಲೌಸಿಲ್ಲದ ಬೆರಳ ಮೇಲೆ ಹನಿ ಬಿದ್ದಾಗಿತ್ತು. ಅಕ್ರಿಲಮೈಡ್ ಚರ್ಮದಿಂದಲೇ ಒಳಗೆ ಇಳಿಯುತ್ತೆ, ನರಗಳಿಗೆ ವಿಷ, ಕ್ಯಾನ್ಸರ್ ತರಬಹುದಾದ್ದು. ಗಟ್ಟಿ ಜೆಲ್ ಆದಮೇಲೆ ಅಪಾಯ ಕಮ್ಮಿ, ಹೀಗೆ ದ್ರವವಾಗಿದ್ದಾಗಲೇ ಜಾಸ್ತಿ. (ಹಾಗಂತ ಬಾಟಲಿ ಮೂಸಿ ನೋಡಿ ಪರೀಕ್ಷೆ ಮಾಡೋಕೆ ಹೋಗಬೇಡಿ.) ಮೆಥನಾಲ್ ಸೇರಿದ ಆ ಮಿಶ್ರಣವನ್ನ ಸಿಂಕಿಗೆ ಚೆಲ್ಲೋ ಹಾಗೂ ಇಲ್ಲ, ಇಡೀ ಲೀಟರ್ ಅಪಾಯಕಾರಿ ತ್ಯಾಜ್ಯದ ಕ್ಯಾನಿಗೆ.

ಪಕ್ಕದ ಲ್ಯಾಬಿನವರನ್ನ ಕೇಳಿದ್ರೆ ಬಂದ ಉತ್ತರ: “ನಮ್ಮಲ್ಲಿ ಎಎ ಅಂದ್ರೆ ಎಲ್ರಿಗೂ ಗೊತ್ತಲ್ಲ ಸರ್.” ಎಲ್ರಿಗೂ ಅಂದ್ರೆ ಯಾರಿಗೆ? ನಿಮ್ಮ ಲ್ಯಾಬಿನ ಐದು ಜನಕ್ಕೆ. “ಗೋಡೆಗೆ ಶಾರ್ಟ್‌ಫಾರ್ಮ್ ಪಟ್ಟಿ ಅಂಟಿಸಿದೀವಿ ಸರ್.” ಬಾಟಲಿ ಹಿಂದೆ ಗೋಡೆ ನಡ್ಕೊಂಡು ಬರುತ್ತಾ? ಕೊನೇಗೆ, “ಬಾಟಲಿ ತಣ್ಣಗಿತ್ತಲ್ವಾ, ಫ್ರಿಜ್ಜಿಂದು, ಅಂದ್ರೆ ಅಕ್ರಿಲಮೈಡೇ ಅಂತ ನೀವೇ ತಿಳ್ಕೋಬೇಕಿತ್ತು.” ತಪ್ಪು ನಮ್ಮದೇ ಅಂತೆ! ಲೇಬಲ್ ಓದೋ ಬದಲು ಬಾಟಲಿ ಸವರಿ ನೋಡ್ಬೇಕಂತೆ.

ಎಎ ಒಂದೇ ಅಲ್ಲ. ‘ಇಟಿಬಿಆರ್’ ಅಂದ್ರೆ ಬಯಾಲಜಿಯವರಿಗೆ ಡಿಎನ್‌ಎ ಬಣ್ಣ, ಎಥಿಡಿಯಂ ಬ್ರೋಮೈಡ್. ಕೆಮಿಸ್ಟ್ರಿಯವರಿಗೆ 38 ಡಿಗ್ರಿಗೇ ಕುದಿಯೋ ಎಥಿಲ್ ಬ್ರೋಮೈಡ್.

ಕಡ ತರೋ ಮುಂಚೆ ಪೂರ್ತಿ ಹೆಸರು, ಸಾಂದ್ರತೆ, ಅಪಾಯದ ಚಿಹ್ನೆ, ವರ್ಷ ಸಮೇತ ತಾರೀಖು, ಮಾಡಿದವರ ಹೆಸರು ಬರೆಸ್ಕೊಳ್ಳಿ. ಒಂದೊಂದು ರಾಸಾಯನಿಕಕ್ಕೂ ಬೇರೆಬೇರೆಯಾಗಿರೋ ಗುರುತಿನ ಸಂಖ್ಯೆ, ಸಿಎಎಸ್ ನಂಬರ್, ಬರೆಸಿದ್ರೆ ಜಗಳವೇ ಇಲ್ಲ: ಅಸಿಟಿಕ್ ಆಸಿಡ್ 64-19-7, ಅಕ್ರಿಲಮೈಡ್ 79-06-1. ಎಥನಾಲ್ ತಾಗಿದ್ರೆ ಮಾರ್ಕರ್ ಅಳಿಸಿಹೋಗುತ್ತೆ, ಮೇಲೆ ಪಾರದರ್ಶಕ ಟೇಪ್ ಅಂಟಿಸಿ.

ಬಾಟಲಿ ವಾಪಸ್ ಹೋಯ್ತು. ಲೇಬಲ್ ಸರಿಮಾಡಿದೀವಿ ಅಂದ್ರು. ಈಗ ಅದರ ಮೇಲಿರೋದು ‘ಅಕ್ರಿ 30%’. ಅಕ್ರಿಲಿಕ್ ಆಸಿಡ್ಡೂ ಅಕ್ರಿಯೇ ಅಲ್ವಾ ಸ್ವಾಮಿ?