ಮೂರು ವರ್ಷ ತೊಟ್ಟ ಮೇಲೆ ನನ್ನ 0.70 ಕ್ಯಾರೆಟ್ ವಜ್ರದ ಬಗ್ಗೆ

ಮೂರು ವರ್ಷದಿಂದ ಈ ಉಂಗುರ ನನ್ನ ಬೆರಳಲ್ಲಿದೆ. ರೌಂಡ್ ಬ್ರಿಲಿಯಂಟ್ ಹರಳು, ಅಂದರೆ ಹೊಳೆಯಲೆಂದು ಹಲವು ಮುಖ ಕೊಟ್ಟ ದುಂಡು ಹರಳು, 0.70 ಕ್ಯಾರೆಟ್. ಬಣ್ಣದ ಗ್ರೇಡ್ ಎಚ್. ಕ್ಲಾರಿಟಿ, ಅಂದರೆ ಒಳಗೆ ಚುಕ್ಕೆ, ಬಿರುಕು ಎಷ್ಟು ಕಡಿಮೆ ಅನ್ನುವ ಗ್ರೇಡ್, ಎಸ್‌ಐ1. ಕಟ್, ಅಂದರೆ ಹರಳನ್ನು ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ ಅನ್ನುವುದು, ಎಕ್ಸಲೆಂಟ್. ಕಾಗದದಲ್ಲಿ ಓದಿದರೆ ತುಂಬಾ ದೊಡ್ಡ ಹರಳೇನೂ ಅಲ್ಲ. ಆದರೆ ಕಿಟಕಿ ಪಕ್ಕ ಕೂತು ಏನಾದರೂ ಬರೆಯುವಾಗ ಇವತ್ತಿಗೂ ನನ್ನ ಕಣ್ಣು ಅದರ ಕಡೆಗೇ ಹೋಗುತ್ತದೆ.

ನಿಜ ಹೇಳಬೇಕೆಂದರೆ ನಾನು ಬೇರೆ ಹರಳು ತಗೊಳ್ಳುವವನಿದ್ದೆ. 0.72 ಕ್ಯಾರೆಟ್, ಎಫ್ ಬಣ್ಣ, ವಿವಿಎಸ್2. ಅಂಗಡಿಯವರು ಹರಳಿಗಿಂತ ಮೊದಲು ಅದರ ಗ್ರೇಡ್ ಬರೆದ ಕಾಗದವನ್ನೇ ನನ್ನ ಮುಂದಿಟ್ಟರು. ಬಣ್ಣ ಇಲ್ಲದ ವಜ್ರಕ್ಕೆ ಡಿ, ಹಳದಿ ಎದ್ದು ಕಾಣುವುದಕ್ಕೆ ಜಡ್ ಅಂತ ಓದಿಕೊಂಡಿದ್ದೆ. ಎಫ್ ಅಂದರೆ ಡಿಯಿಂದ ಮೂರನೆಯದು, ಎಚ್ ಐದನೆಯದು. ಕ್ಲಾರಿಟಿಯಲ್ಲೂ ವಿವಿಎಸ್2 ಮೂರು ಮೆಟ್ಟಿಲು ಮೇಲಿದೆ. ಇನ್ನೇನು ಬೇಕು ಅನ್ನಿಸಿತು.

ಆ ಹರಳು, ಈಗ ನನ್ನ ಬೆರಳಲ್ಲಿರುವ ಹರಳು, ಎರಡನ್ನೂ ಒಂದು ಬಿಳಿ ಕಾಗದದ ಮಡಿಕೆಯಲ್ಲಿ ಅಕ್ಕಪಕ್ಕ ಇಟ್ಟು ಕಿಟಕಿ ಹತ್ತಿರ ತಂದು ನೋಡಿದೆ. ಸ್ಪಾಟ್‌ಲೈಟ್ ಕೆಳಗೆ ಎಲ್ಲ ಹರಳೂ ಫಳಫಳ ಅನ್ನುತ್ತದೆ, ಅಲ್ವಾ? ಹಗಲ ಬೆಳಕಿನಲ್ಲಿ ನಿಜ ಸಂಗತಿ ಬಯಲಾಯಿತು. 0.72ರ ನಡುವೆ ಮೊಳೆಯ ತಲೆಯಂತೆ ಒಂದು ಕಪ್ಪು ವೃತ್ತ. ಹೇಗೆ ತಿರುಗಿಸಿದರೂ ಅದು ಅಲ್ಲೇ ಇತ್ತು. ನನ್ನದರಲ್ಲಿ ಅಂಚಿನಿಂದ ಅಂಚಿನವರೆಗೂ ಬೆಳಕಿತ್ತು. ಸ್ವಲ್ಪ ವಾಲಿಸಿದರೆ ಸಾಕು, ಬಿಳಿ ಮಿಂಚಿನ ಮಧ್ಯೆ ಕೆಂಪು, ನೀಲಿ ಕಿಡಿ ಹಾರುತ್ತಿತ್ತು.

ಕಾರಣ ಕಟ್. ಮೇಲಿನಿಂದ ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ಮತ್ತೆ ನಮ್ಮ ಕಣ್ಣಿಗೇ ವಾಪಸ್ ಬರಬೇಕು. ಹರಳಿನ ತಳ ತೀರಾ ಆಳವಾದರೆ ಬೆಳಕು ಕೆಳಗಿನಿಂದ, ಪಕ್ಕದಿಂದ ಸೋರಿಹೋಗುತ್ತದೆ. ಕಾಗದದಲ್ಲಿ ಆಳ ಎಷ್ಟಿದೆ ಅಂತ ಹುಡುಕಿದೆ. 0.72ರದು ಅಗಲದ 66 ಪರ್ಸೆಂಟ್, ನನ್ನದು 62. ಅಗಲ ನೋಡಿದರೆ ಅದು 5.5 ಮಿಲಿಮೀಟರ್, ನನ್ನದು 5.7. ಅಂದರೆ ತೂಕ ಜಾಸ್ತಿ ಇರುವ ಹರಳೇ ಮೇಲಿನಿಂದ ಚಿಕ್ಕದಾಗಿ ಕಾಣುತ್ತಿತ್ತು! ಆ ತೂಕವೆಲ್ಲ ಹೊಟ್ಟೆಯಲ್ಲಿ ಅಡಗಿತ್ತು. ಕ್ಯಾರೆಟ್ ಅಂದರೆ ಬರೀ ತೂಕ, ಒಂದು ಕ್ಯಾರೆಟ್‌ಗೆ 0.2 ಗ್ರಾಂ. ಸೈಜ್ ಅಲ್ಲ.

ಇನ್ನೊಂದು ವಿಷಯ. ಆ 0.72ರ ಕಾಗದ ಕೊಟ್ಟವರು ಅಂಗಡಿಯವರೇ. ಗ್ರೇಡ್ ಹಾಕಿದವರೂ ಅವರೇ, ಮಾರುವವರೂ ಅವರೇ ಆದರೆ ಆ ಎಫ್, ವಿವಿಎಸ್2 ಅನ್ನು ಹೇಗೆ ನಂಬುವುದು? ನನ್ನ ಹರಳಿಗೆ ಜಿಐಎ ರಿಪೋರ್ಟ್ ಇದೆ. ಜಿಐಎ ಅಂದರೆ ಹರಳು ಮಾರದೆ ಬರೀ ಪರೀಕ್ಷೆ ಮಾಡಿ ಗ್ರೇಡ್ ಕೊಡುವ ಅಮೆರಿಕದ ಸಂಸ್ಥೆ. ಅವರು ರೌಂಡ್ ಹರಳಿಗೆ 2006ರಿಂದ ಕಟ್ ಗ್ರೇಡನ್ನೂ ಕೊಡುತ್ತಾರೆ. ಹರಳಿನ ಸೊಂಟಪಟ್ಟಿಯ ಮೇಲೆ, ಅಂದರೆ ಗರ್ಡಲ್ ಮೇಲೆ, ಲೇಸರ್‌ನಲ್ಲಿ ನಂಬರ್ ಕೊರೆದಿತ್ತು. ಲೂಪ್, ಅಂದರೆ ಹರಳು ನೋಡುವ ಪುಟ್ಟ ಭೂತಗನ್ನಡಿ, ಹಿಡಿದು ಒಂದೊಂದೇ ಅಂಕಿ ಓದಿ ರಿಪೋರ್ಟ್ ಜೊತೆ ತಾಳೆ ನೋಡಿದೆ.

ಲೂಪ್ ಹಿಡಿಯುವುದು ಮೊದಲು ಕಷ್ಟ ಆಯಿತು. 10 ಪಟ್ಟು ದೊಡ್ಡದು ಮಾಡುವ ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟು, ಹರಳನ್ನು ಅದರಿಂದ ಎರಡೂವರೆ ಸೆಂಟಿಮೀಟರ್ ದೂರಕ್ಕೆ ತರಬೇಕು. ಆಗ ಕಂಡಿತು: ಅಂಚಿನ ಹತ್ತಿರ ಸಾಸಿವೆಯಷ್ಟೂ ಇಲ್ಲದ ಒಂದು ಕಪ್ಪು ಚುಕ್ಕೆ, ಪಕ್ಕದಲ್ಲಿ ಬಿಳಿ ಚುಕ್ಕೆ ಎರಡು. ಬರಿಗಣ್ಣಿಗೆ ಏನೂ ಇಲ್ಲ. ಎಸ್‌ಐ1 ಅಂದರೆ ಇಷ್ಟೇನಾ ಅಂತ ಸಮಾಧಾನ ಆಯಿತು. ಹಾಗಂತ ಎಲ್ಲ ಎಸ್‌ಐ1 ಹರಳೂ ಒಂದೇ ಅಲ್ಲ. ಚುಕ್ಕೆ ಸರಿಯಾಗಿ ನಡುವೆ ಕೂತಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಗರ್ಡಲ್‌ವರೆಗೂ ಬಂದ ಬಿರುಕು ಇದ್ದರಂತೂ ಮುಟ್ಟುತ್ತಲೇ ಇರಲಿಲ್ಲ. ವಜ್ರಕ್ಕೆ ಗೀರು ಬೀಳುವುದು ಕಷ್ಟ, ಆದರೆ ಜೋರಾಗಿ ಪೆಟ್ಟು ಬಿದ್ದರೆ ಸೀಳುತ್ತದೆ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಲೆಕೆಳಗಾಗಿ ಇಟ್ಟಾಗ ತೀರಾ ತೆಳುವಾದ ಹಳದಿ ಛಾಯೆ ಕಂಡಿತು. ಚಿನ್ನದಲ್ಲಿ ಕೂರಿಸಿದ ಮೇಲೆ ಅದೂ ಗೊತ್ತಾಗುವುದಿಲ್ಲ.

ಬೇಜಾರಿನ ಸಂಗತಿಯೂ ಇದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಕೈಗೆ ಕ್ರೀಮ್ ಹಚ್ಚಿದ ದಿನ ಸಂಜೆಗೇ ಮಂಕಾಗುತ್ತದೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಬ್ರಷ್‌ನಿಂದ ಹರಳಿನ ಅಡಿಯಲ್ಲೂ ಉಜ್ಜುತ್ತೇನೆ. ಸುಮ್ನೆ ಮೇಲೆ ಒರೆಸಿದರೆ ಪ್ರಯೋಜನವಿಲ್ಲ. ಹರಳನ್ನು ಉಂಗುರಕ್ಕೆ ಕಚ್ಚಿ ಹಿಡಿಯುವ ಲೋಹದ ಹಿಡಿಗಳನ್ನು ನಾಲ್ಕರ ಬದಲು ಆರು ಹಾಕಿಸಬೇಕಿತ್ತು ಅಂತಲೂ ಈಗ ಅನ್ನಿಸುತ್ತದೆ.

ಹೋದ ವರ್ಷ ಒಂದು ಹಿಡಿ ಸಡಿಲವಾಗಿ ಉಂಗುರವನ್ನು ರಿಪೇರಿಗೆ ಕೊಟ್ಟಿದ್ದೆ. ವಾಪಸ್ ಬಂದ ತಕ್ಷಣ ಲೂಪ್ ತೆಗೆದು ನೋಡಿದೆ. ಅಂಚಿನ ಹತ್ತಿರ ಆ ಕಪ್ಪು ಚುಕ್ಕೆ, ಪಕ್ಕದಲ್ಲಿ ಎರಡು ಬಿಳಿ ಚುಕ್ಕೆ. ನನ್ನದೇ ಹರಳು.